ಮನ್ಯಾಗಿನವರಿಗೊಂದು ಹಡಗು

"ನಾನು, ನಮ್ಮ ಮನ್ಯಾಗಿನವರು. ಇನ್ನ್ಯಾರ ಅದಾರ್ರಿ?"

ಇವರು ಫೋನಿನಲ್ಲಿ ಹಾಗೆ ಹೇಳಿದಾಗ ನಾನು ಅಡುಗೆಮನೆಯಲ್ಲಿ ಇವರ ಮಾತ್ರೆಯ ಡಬ್ಬಿ ತುಂಬುತ್ತಿದ್ದೆ. ಅತ್ತೆ ಮುರಿಗೆವ್ವ ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತ ಕುಳಿತಿದ್ದರು. ಆ ಕಡೆಯಿಂದ ಮಾತಾಡುತ್ತಿದ್ದವರು ಸಿದ್ಧೇಶ್ವರ ಗುಡಿಯ ಹತ್ತಿರದ ಟ್ರಾವೆಲ್ಸಿನವರು. ಹಡಗಿನಲ್ಲಿ ಯಾರ ಯಾರ ಹೆಸರಿಗೆ ಜಾಗ ಇಡಬೇಕು ಎಂದು ಕೇಳಿದ್ದರು.

ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರನ್ನು ಮಂದಿಯ ಮುಂದೆ ಹೇಳುವುದು ಕಡಿಮೆ. ಮನ್ಯಾಗಿನವರು ಅನ್ನುತ್ತಾರೆ. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಒಬ್ಬರಿಗೇ ಬಹುವಚನ ಹಚ್ಚಿ ಗೌರವ ಕೊಡುವ ರೀತಿಯನ್ನು ವಿವರಿಸುವಾಗ ಈ ಪದವನ್ನೇ ಉದಾಹರಣೆಯಾಗಿ ಹೇಳುತ್ತೇನೆ, ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಆ ದಿನ ಆ ಮಾತು ಕಿವಿಗೆ ಬಿದ್ದಾಗ ನನಗೂ ಒಳಗೊಳಗೇ ನಗು ಬಂದಿತ್ತು. ಅಂಜಿಕೆಯೂ ಇತ್ತು. ಇಷ್ಟು ದಿನ ಬೇಡ ಬೇಡ ಎಂದವಳು ಹಿಂದಿನ ಸಂಜೆಯಷ್ಟೇ "ಇಡ್ರಿ" ಎಂದಿದ್ದೆ.

ಬೇಡ ಎನ್ನಲು ನನ್ನ ಹತ್ತಿರ ಕಾರಣಗಳಿದ್ದವು. ಕಳೆದ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಇವರಿಗೆ ಅಂಗಡಿಯಲ್ಲಿ ಎದೆನೋವು ಬಂತು. ಇವರದು ತಿಕೋಟಾದಲ್ಲಿ ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಔಷಧದ ಅಂಗಡಿ, ದ್ರಾಕ್ಷಿ ಬೆಳೆಯುವವರೇ ಗಿರಾಕಿಗಳು. ಅವರಲ್ಲೊಬ್ಬರು ತಮ್ಮ ಗಾಡಿಯಲ್ಲಿ ಹಾಕಿಕೊಂಡು ವಿಜಯಪುರಕ್ಕೆ ತಂದರು. ಹೃದಯಕ್ಕೆ ಸ್ಟೆಂಟ್ ಹಾಕಿದರು. ಇವರು ಬೇಗ ಚೇತರಿಸಿಕೊಂಡರು, ನಾನು ಚೇತರಿಸಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿ ಬಂದರೆ ಮುಖ ನೋಡುತ್ತೇನೆ. ಊಟಕ್ಕೆ ಕುಳಿತರೆ ತಟ್ಟೆ ನೋಡುತ್ತೇನೆ. ಫೋನ್ ಎತ್ತದಿದ್ದರೆ ಪಕ್ಕದ ಅಂಗಡಿಯವರಿಗೆ ಫೋನ್ ಮಾಡುತ್ತೇನೆ. ಮಲಗಿದಾಗ ಎದೆ ಏರಿ ಇಳಿಯುವುದನ್ನು ನೋಡುತ್ತೇನೆ.

ಹಡಗಿನ ವಿಚಾರ ತೆಗೆದವರು ಇವರೇ. ಔಷಧ ಕಂಪನಿಗಳು ವ್ಯಾಪಾರಿಗಳನ್ನು ಪರದೇಶಕ್ಕೆ ಕರೆದುಕೊಂಡು ಹೋಗುತ್ತವೆ. ಇವರು ಎರಡು ಸಲ ಹೋಗಿ ಬಂದಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೋಪಿ ಹಾಕಿಸಿ, ಬಸ್ಸಿನಲ್ಲಿ ತುಂಬಿಕೊಂಡು ತಿರುಗಿಸಿದರೆಂದು ನಗುತ್ತಿದ್ದರು. ಈ ಸಲ ಸ್ವಂತ ಹೋಗಬೇಕು, ಗುಂಪಿನಲ್ಲಲ್ಲ ಎಂದು ಹಟ ಹಿಡಿದರು. ದ್ರಾಕ್ಷಿ ಸಿಹಿ ಹಿಡಿಯುವ ಹೊತ್ತಿಗೆ ಔಷಧ ಹೊಡೆಯುವುದು ಕಡಿಮೆಯಾಗುತ್ತದೆ. ಅಂಗಡಿಗೆ ಬಿಡುವು, ಸಮುದ್ರವೂ ಆಗ ಶಾಂತ. ಕೊಚ್ಚಿಯಿಂದ ಹೊರಟು ದ್ವೀಪಗಳನ್ನು ಸುತ್ತಿ ಬರುವ ಒಂದು ಸಣ್ಣ ಹಡಗು. ಒಟ್ಟು ಅರವತ್ತು ಜನ. ದೊಡ್ಡ ಹಡಗುಗಳು ಹೋಗಲಾರದಂಥ ದಂಡೆಗಳ ಹತ್ತಿರ ಲಂಗರು ಹಾಕಿ ನಿಲ್ಲುತ್ತದಂತೆ.

ದೊಡ್ಡ ಹಡಗಿನ ದರಕ್ಕೆ ಹೋಲಿಸಿದರೆ ಇದರದು ಮೂರು ಪಟ್ಟಿಗೂ ಹೆಚ್ಚು. ಸಣ್ಣದಕ್ಕೆ ಯಾಕೆ ಇಷ್ಟು ಎಂದು ನಾನು ಕೇಳಿದೆ. ಸಣ್ಣದು ಅಂತಲೇ ಎಂದರು. ಆ ಹಣದಲ್ಲಿ ಒಂದು ಎಕರೆ ದ್ರಾಕ್ಷಿ ಪಡ ಎಬ್ಬಿಸಬಹುದು, ಹೊಸ ತೋಟವನ್ನೇ ಮಾಡಬಹುದು ಎಂದು ಇವರ ಗಿರಾಕಿಗಳು ಚಾಷ್ಟಿ ಮಾಡಿ ನಕ್ಕರಂತೆ.

ನಾನು ನನ್ನ ಅಭ್ಯಾಸದಂತೆ ಎಲ್ಲವನ್ನೂ ವಿಚಾರಿಸಿದೆ. ಸಣ್ಣ ಹಡಗಿನಲ್ಲಿ ಆಸ್ಪತ್ರೆ ಇರುವುದಿಲ್ಲ, ಒಬ್ಬ ವೈದ್ಯರು ಮತ್ತು ಒಂದು ಪುಟ್ಟ ಕೋಣೆ ಇರುತ್ತದೆ. ಅಲೆ ಬಂದರೆ ದೊಡ್ಡದಕ್ಕಿಂತ ಹೆಚ್ಚು ಹೊಯ್ದಾಡುತ್ತದೆ. ಸಿನಿಮಾ ಇಲ್ಲ, ಅಂಗಡಿಗಳ ಸಾಲಿಲ್ಲ. ಹೃದಯದ ಡಾಕ್ಟರರನ್ನು ಕೇಳಿದೆ. ಅವರು ಬೇಡ ಎನ್ನಬಹುದೆಂಬ ಆಸೆ ಇತ್ತು. ಧಾರಾಳವಾಗಿ ಹೋಗಿ ಬನ್ನಿ ಎಂದುಬಿಟ್ಟರು. ಕೊನೆಗೆ ನನ್ನ ಜೊತೆ ಕೆಲಸ ಮಾಡುವ ಜೀನತಳನ್ನು ಕೇಳಿದೆ. ಅವಳು ಅರ್ಥಶಾಸ್ತ್ರ ಕಲಿಸುತ್ತಾಳೆ, ಎರಡು ವರ್ಷದ ಹಿಂದೆ ಅತ್ತೆಮನೆಯವರೆಲ್ಲರ ಜೊತೆ ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಹೋಗಿ ಬಂದವಳು. ಊಟಕ್ಕೆ ಪಾಳಿ, ಲಿಫ್ಟಿಗೆ ಪಾಳಿ, ಈಜುಕೊಳದಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಮಕ್ಕಳಿಗೆ ಬಹಳ ಖುಷಿಯಾಯಿತು ಎಂದಳು. ಸಮುದ್ರ ಹೇಗಿತ್ತು ಎಂದು ಕೇಳಿದೆ.

"ಲಿಫ್ಟಿನ ಗ್ಲಾಸಿನ್ಯಾಗ ಕಾಣತಿತ್ರಿ ಮೇಡಂ," ಎಂದಳು. "ಕೂತು ನೋಡಾಕ ಪುರಸೊತ್ತು ಎಲ್ಲಿ ಸಿಕ್ತು? ಮಂದಿ, ಮಂದಿ. ಪೂರಾ ಗಾಂಧಿ ಚೌಕ ತೇಲಾಕತ್ತಿತ್ತು ಅನ್ರಿ."

ಇಷ್ಟಾದರೂ ನನಗೆ ಧೈರ್ಯ ಬರಲಿಲ್ಲ. ಹಣ ಹೆಚ್ಚಾಯಿತು ಎಂಬ ಒಂದೇ ಮಾತನ್ನು ಹಿಡಿದುಕೊಂಡಿದ್ದೆ. ಫೋನಿನ ಹಿಂದಿನ ಆ ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ಇವರ ಕೈಗೆ ನಾನು ಎಂದಿನಂತೆ ನೀರು ಕೊಟ್ಟು, ಎಂದಿನಂತೆ ಮುಖ ನೋಡುತ್ತ ನಿಂತೆ. ಇವರು ನೀರು ಕುಡಿದು ಲೋಟ ಕೊಡದೆ ಕೈಯಲ್ಲೇ ಇಟ್ಟುಕೊಂಡರು.

"ನೀ ನನ್ನ ಭಾಳ ಜ್ವಾಕಿ ಮಾಡ್ತಿ," ಎಂದರು. "ಆದ್ರ ನನ್ನ ಸನೇಕ ಕುಂಡ್ರೂದ ಬಿಟ್ಟಿ. ನಾ ನಿನಗ ಗಂಡ ಆಗಿ ಉಳಿದಿಲ್ಲ, ಪೇಶಂಟ್ ಆಗೇನಿ."

ನಗುತ್ತಲೇ ಹೇಳಿದರು. ಆದರೆ ಆ ಮಾತನ್ನು ಬಹಳ ದಿನ ಒಳಗೆ ಇಟ್ಟುಕೊಂಡು ಹೇಳಿದ್ದರೆಂದು ತಿಳಿಯಿತು. ಮಗಳು ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ, ಆದರೂ ನಾವಿಬ್ಬರು ಒಂದು ಕಡೆ ಸುಮ್ಮನೆ ಕುಳಿತದ್ದು ನೆನಪಾಗಲಿಲ್ಲ. ಇಡ್ರಿ ಎಂದೆ.

ಹಣ ಕಟ್ಟಲು ಟ್ರಾವೆಲ್ಸಿನವರು ಮುಂದಿನ ವಾರದವರೆಗೆ ಅವಕಾಶ ಕೊಟ್ಟಿದ್ದರು. ಅಷ್ಟರಲ್ಲಿ ಬಬಲೇಶ್ವರದಿಂದ ಅತ್ತೆಯ ತಂಗಿ ಶಂಕ್ರೆವ್ವನ ಫೋನ್ ಬಂತು, ಹಡಗಿನ ಸುದ್ದಿ ಅತ್ತೆಯಿಂದ ಅಲ್ಲಿಗೆ ತಲುಪಿತ್ತು. ರವಿವಾರ ಊಟಕ್ಕೆ ಬರಬೇಕು, ಮೂವರೂ ಬರಬೇಕು. ಕಾಶಿಗೆ ಹೊರಟವರನ್ನು ಬೀಗರು, ಬಂಧುಗಳು ಕರೆದು ಉಣ್ಣಿಸಿ, ಬಟ್ಟೆಯ ಆಯೇರಿ ಕೊಟ್ಟು ಕಳಿಸುವುದು ನಮ್ಮ ಕಡೆಯ ಪದ್ಧತಿ. ಹಡಗಿಗೂ ಹಾಗೆಯೇ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹಡಗಿನಲ್ಲಿ ಹೋದವರೇ ಅವರ ಮನೆತನದಲ್ಲಿ ಯಾರೂ ಇರಲಿಲ್ಲವಲ್ಲ.

ದಾರಿಯಲ್ಲಿ ಅತ್ತೆ ತಮ್ಮ ತವರು ನಿಡೋಣಿಯ ಹತ್ತಿರ ಕಾರು ನಿಲ್ಲಿಸಲು ಹೇಳಿ, ಅಲ್ಲಿಯ ಅಂಗಡಿಯಿಂದ ತಂಗಿಯ ಮೊಮ್ಮಕ್ಕಳಿಗೆ ಫೇಡೆ ಕೊಂಡರು. ಬಹಳ ಉಮೇದಿನಲ್ಲಿದ್ದರು. ನನ್ನ ಜಾಗ್ರತೆಯ ಕಣ್ಣಿಗೆ ಅದು ಕಾಣದೆ ಇರಲಿಲ್ಲ. ತಂಗಿಯ ಮನೆಗೆ ಹೋಗುವ ಸಂತೋಷ ಎಂದುಕೊಂಡೆ.

ಶಂಕ್ರೆವ್ವನ ಮನೆಯಲ್ಲಿ ಹೋಳಿಗೆ, ಕಟ್ಟಿನ ಸಾರು. ಓಣಿಯ ಹೆಂಗಸರು ನಾಲ್ಕಾರು ಜನ ಆಗಲೇ ಬಂದು ಕುಳಿತಿದ್ದರು. ಹಡಗಿನೊಳಗೆ ಪಾಯಖಾನೆ ಎಲ್ಲಿರುತ್ತದೆ, ಮಲಗಿದಾಗ ಉರುಳಿ ಬಿದ್ದರೆ ಹೇಗೆ ಎಂದು ಕೇಳುತ್ತಿದ್ದರು. ಉತ್ತರ ಕೊಡುತ್ತಿದ್ದವರು ಅತ್ತೆ. ಹಾಸಿಗೆ ನೆಲಕ್ಕೆ ಬಿಗಿದಿರುತ್ತದೆ, ಎಲ್ಲವೂ ಒಳಗೇ ಇರುತ್ತದೆ ಎಂದು ಎರಡು ಸಲ ಹೋಗಿ ಬಂದವರಂತೆ ಹೇಳುತ್ತಿದ್ದರು. ಬಹುಶಃ ನಾವು ಮಾತಾಡುವುದನ್ನು ಕೇಳಿ ಕಲಿತದ್ದು.

"ಅಲ್ಲಿ ಊಟಕ್ಕ ಏನ್ ಮಾಡ್ತಿ ಬೇ ಮುರಿಗೆವ್ವಾ?" ಎಂದು ತಾಯವ್ವ ಎಂಬ ಮುದುಕಿ ಕೇಳಿದಳು.

"ಕಡಕ್ ರೊಟ್ಟಿ ಒಯ್ತೀನಿ. ಶೇಂಗಾ ಹಿಂಡಿ ಒಯ್ತೀನಿ. ಅವರ ಮೀನ ಅವರ ಉಣ್ಲಿ."

"ನಮ್ಮಕ್ಕ ಹೊಳಿ ಕಂಡ್ರ ಕಣ್ಣ ಮುಚ್ಕೋತಿದ್ದಳು," ಎಂದಳು ಶಂಕ್ರೆವ್ವ. "ಗಲಗಲಿ ಬ್ರಿಡ್ಜಿನ ಮ್ಯಾಲೆ ಬಸ್ ಹೊಂಟ್ರ ಸೆರಗ ಮಾರಿ ಮ್ಯಾಲೆ ಎಳಕೋತಿದ್ದಳು. ಈಗ ನೋಡ್ರಿ, ಸಮುದ್ರಕ್ಕ ಹೊಂಟಾಳ."

"ಮಗಾ ಕರಕೊಂಡ ಹೊಂಟಾನ, ಹೊಂಟೀನಿ," ಎಂದರು ಅತ್ತೆ. "ಮೂರೂ ಮಂದಿ ಹೊಂಟೀವಿ. ನಾ ಏನ್ ಒಬ್ಬಾಕಿನ ಹೊಂಟೀನೇನು, ಅಂಜಾಕ?"

ನಾನು ಇವರ ಕಡೆ ನೋಡಿದೆ. ಇವರು ಹೋಳಿಗೆಯ ತುಂಡನ್ನು ತುಪ್ಪದಲ್ಲಿ ಅದ್ದಿದವರು ಅದನ್ನು ಎತ್ತಲಿಲ್ಲ.

ಊಟವಾದ ಮೇಲೆ ಶಂಕ್ರೆವ್ವ ನನ್ನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಇವರಿಗೆ ಟಾವೆಲ್ಲು ಹೊದಿಸಿದಳು. ಅತ್ತೆಗೆ ಸೀರೆ. ಹಸಿರಿನಲ್ಲಿ ಸಣ್ಣ ಗೀರಿದ್ದ ಇಳಕಲ್ಲ ಸೀರೆ, ನೋಡಿದರೆ ತಿಳಿಯುತ್ತಿತ್ತು, ಹುಡುಕಿ ತಂದದ್ದು. ಅಕ್ಕನ ಕಾಲು ಮುಟ್ಟಿ ಶಂಕ್ರೆವ್ವ ಕಣ್ಣೊರೆಸಿಕೊಂಡಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಒಂದೊಂದು ನಾಣ್ಯವನ್ನು ಅತ್ತೆಯ ಕೈಗಿಟ್ಟರು. ಹೊಳೆ ದಾಟುವಾಗ ಗಂಗವ್ವನಿಗೆ ಹಾಕುವ ರೀತಿಯಲ್ಲಿ ಸಮುದ್ರಕ್ಕೆ ಹಾಕಬೇಕು, ಹಾಕುವಾಗ ಕೊಟ್ಟವರ ಹೆಸರು ಹೇಳಬೇಕು. ಅತ್ತೆ ಪ್ರತಿ ನಾಣ್ಯಕ್ಕೂ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಊರು ಹತ್ತಿರ ಬಂದಾಗ ತಾವಾಗಿಯೇ ಬಾಯಿ ಬಿಟ್ಟರು.

"ನೀ ನನಗ ಬಾಯಿ ಬಿಟ್ಟ ಹೇಳ್ಲಿಲ್ಲ ತಮ್ಮಾ. ಆದ್ರ ನಾ ಕೇಳೀನಿ. ಫೋನಿನ್ಯಾಗ ಅಂದಿ, ಮನ್ಯಾಗಿನವರನ್ನ ಕರಕೊಂಡ ಹೊಂಟೀನಿ ಅಂತ. ಈ ಮುದುಕಿನ್ನೂ ಲೆಕ್ಕಕ್ಕ ಹಿಡದಾನ ಅಂತ ಭಾಳ ಸಂತೋಷ ಆತು."

ಇವರು "ಹೂಂ ಬೇ" ಎಂದರು. ಇನ್ನೇನು ಹೇಳಲು ಸಾಧ್ಯವಿತ್ತು?

ಅಂದು ಮನೆಯ ಹಿತ್ತಲಲ್ಲಿ ನಿಂತು ನಾವಿಬ್ಬರು ಮೆಲ್ಲಗೆ ಮಾತಾಡಿದೆವು. ಸಣ್ಣ ಹಡಗಿನ ಕೋಣೆಯಲ್ಲಿ ಇಬ್ಬರಿಗೇ ಜಾಗ. ಮೂರನೆಯವರಿಗೆ ಬೇರೆ ಕೋಣೆ ಹಿಡಿಯಬೇಕು, ಒಬ್ಬರೇ ಇದ್ದರೂ ಹೆಚ್ಚುಕಡಿಮೆ ಇಬ್ಬರ ಹಣ. ಅದನ್ನೂ ಕಟ್ಟೋಣ ಎಂದಿಟ್ಟುಕೊಂಡರೂ ಅತ್ತೆ ನೀರಿನ ಮೇಲೆ ಒಬ್ಬರೇ ಮಲಗುವವರಲ್ಲ. ಅವರ ಕೋಣೆಯಲ್ಲಿ ನಾನು ಮಲಗಬೇಕು, ಇನ್ನೊಂದರಲ್ಲಿ ಇವರೊಬ್ಬರೇ. ಅಷ್ಟು ಹಣ ಕೊಟ್ಟು ಸಮುದ್ರದ ನಡುವೆ ಹೋಗಿ ಗೋಡೆಯ ಆಚೆ ಈಚೆ ಇರುವುದು. ಇವರು ಅದನ್ನು ಹೇಳಿ ನಗಲು ನೋಡಿದರು, ನಗು ಬರಲಿಲ್ಲ.

"ದೊಡ್ಡ ಹಡಗನ ಇಡೂಣೇನು?" ಎಂದರು. "ಮೂರೂ ಮಂದಿ ಒಂದ ಖೋಲ್ಯಾಗ ಹಿಡಿತೀವಿ. ರೊಕ್ಕನೂ ಉಳಿತೈತಿ. ಹೆಂಗೂ ನಿನಗ ಸಣ್ಣದು ಮೊದಲಿಂದ ಮನಸಿಗೆ ಇರ್ಲಿಲ್ಲ."

ಹೌದು ಎನ್ನಬಹುದಿತ್ತು. ಕಡಿಮೆ ಹೊಯ್ದಾಟ, ಒಳಗೆ ಆಸ್ಪತ್ರೆ, ಅತ್ತೆಗೆ ಸಂತೋಷ, ಬಬಲೇಶ್ವರದವರಿಗೆ ಸಮಾಧಾನ. ನಾನು ಇಷ್ಟು ದಿನ ಹುಡುಕುತ್ತಿದ್ದ ದಾರಿ ತಾನಾಗಿ ತೆರೆದಿತ್ತು. ಆದರೆ ಇವರು ಆ ಮಾತು ಹೇಳುತ್ತಿದ್ದಂತೆ ಹೌದು ಎನ್ನಲು ನನಗೆ ಮನಸ್ಸಾಗಲಿಲ್ಲ. ಎಂಟು ದಿನ ನಾನು ಇವರ ಪಕ್ಕದಲ್ಲಿ ಕುಳಿತಿರುತ್ತೇನೆ, ಯಾರೂ ನನ್ನನ್ನು ಕರೆಯುವುದಿಲ್ಲ ಎಂಬ ಕಲ್ಪನೆ ಯಾವಾಗ ನನ್ನೊಳಗೆ ಬಂದು ಕುಳಿತಿತ್ತೋ ಏನೋ, ಅದನ್ನು ಎಬ್ಬಿಸಿ ಕಳಿಸಬೇಕಾದಾಗಲೇ ಗೊತ್ತಾಯಿತು.

ನಾನು ಅತ್ತೆಯ ಜೊತೆ ಮಾತಾಡುತ್ತೇನೆ ಎಂದೆ. ಇವರಿಗೆ ಆಗುವ ಕೆಲಸವಾಗಿರಲಿಲ್ಲ ಅದು. ಅವ್ವನಿಗೆ ನೀನು ಅದರಲ್ಲಿ ಇಲ್ಲ ಎಂದು ಯಾವ ಮಗ ಹೇಳುತ್ತಾನೆ?

ಮರುದಿನ ಕಾಲೇಜಿನಿಂದ ಬರುತ್ತ ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿದೆ. ವಯಸ್ಸಾದವರನ್ನು ಹತ್ತಿಸಿಕೊಳ್ಳುವುದಿಲ್ಲವಂತೆ ಎನ್ನಬಹುದು. ಜಾಗ ತುಂಬಿಹೋಯಿತಂತೆ ಎನ್ನಬಹುದು. ಅಂತೆ ಎಂಬುದನ್ನು ಹಚ್ಚಿದರೆ ತಪ್ಪು ಯಾರದೂ ಅಲ್ಲದಂತಾಗುತ್ತದೆ. ಅತ್ತೆ ಅದನ್ನು ನಂಬುತ್ತಿದ್ದರು ಕೂಡ. ಆದರೆ ಆ ಸುಳ್ಳನ್ನು ಹೊತ್ತುಕೊಂಡು ಹಡಗು ಹತ್ತಿದರೆ ನಾನು ಅಲ್ಲಿಯೂ ಅದನ್ನೇ ಕಾಯುತ್ತ ಕುಳಿತಿರುತ್ತೇನೆ.

ಅತ್ತೆ ಒಲೆಯ ಮುಂದೆ ನಿಂತು ಶೇಂಗಾ ಹುರಿಯುತ್ತಿದ್ದರು. ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಕಡಕ್ ರೊಟ್ಟಿ ಆರಲು ಹರಡಿದ್ದವು. ಹೋಗಲು ಇನ್ನೂ ಎರಡು ತಿಂಗಳಿದೆ, ಇದು ರುಚಿ ನೋಡಲು ಎಂದರು. ನಾನು ಚೀಲ ಕೆಳಗಿಟ್ಟೆ.

"ಅತ್ತಿ, ಆವತ್ತ ಇವರು ಫೋನಿನ್ಯಾಗ ಮನ್ಯಾಗಿನವರು ಅಂದ್ರಲ್ರಿ."

"ಹೂಂ."

"ಅದು..." ಎಂದೆ. ಜೋಡಿಸಿದ್ದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ.

ಅತ್ತೆ ಸೌಟು ನಿಲ್ಲಿಸಿದರು. ನನ್ನ ಮುಖ ನೋಡಿದರು. ಆಮೇಲೆ ಒಲೆ ಆರಿಸಿದರು.

"ಅದು ನೀನು," ಎಂದರು.

"ಹೌದ್ರಿ."

ಬಾಣಲೆಯಲ್ಲಿ ಶೇಂಗಾ ಇನ್ನೂ ಚಟಚಟ ಅನ್ನುತ್ತಿದ್ದವು. ಅತ್ತೆ ಅವನ್ನು ಮೊರಕ್ಕೆ ಸುರಿದು, ಸಿಪ್ಪೆ ತಿಕ್ಕಲು ಕೆಳಗೆ ಕುಳಿತರು. ನಾನೂ ಎದುರಿಗೆ ಕುಳಿತೆ. ಬಿಸಿಯಿದ್ದವು, ಕೈ ಸುಡುತ್ತಿತ್ತು. ಅವರು ಅದನ್ನು ಲೆಕ್ಕಿಸಲಿಲ್ಲ.

"ನಿಮ್ಮ ಮಾವನೂ ನನಗ ಹಂಗ ಅಂತಿದ್ದರು," ಎಂದರು. "ಎತ್ತಿನ ಪ್ಯಾಟ್ಯಾಗ ಯಾರರ ಏನರ ಕೇಳಿದ್ರ, ಮನ್ಯಾಗಿನವರನ್ನ ಕೇಳಿ ಹೇಳ್ತೀನಿ ಅಂತಿದ್ದರು. ನನ್ನ ಏನೂ ಕೇಳ್ತಿದ್ದಿಲ್ಲ. ಆದ್ರ ಮಂದಿ ಮುಂದ ಅಂತಿದ್ದರು. ಅವರು ಹ್ವಾದ ಮ್ಯಾಲೆ ಆ ಮಾತು ಈ ಮನ್ಯಾಗ ನಿನ್ನ ಪಾಲಿಗೆ ಬಂದದ್ದ ನನಗ ತಿಳೀಲಿಲ್ಲ ನೋಡು."

ಗೌರವದ ಬಹುವಚನ ಎಂದು ಇಷ್ಟು ವರ್ಷ ತರಗತಿಯಲ್ಲಿ ಹೇಳಿದ್ದೆ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಮೊದಲಿನವರ ಹತ್ತಿರ ಏನು ಉಳಿಯುತ್ತದೆಂದು ಯೋಚಿಸಿರಲಿಲ್ಲ. ಗಾಬರಿಯಲ್ಲಿ ಒಂದೇ ಸಮನೆ ಮಾತಾಡಿದೆ. ಸಣ್ಣ ಹಡಗು ಬೇಡವೇ ಬೇಡ, ಇನ್ನೂ ಹಣ ಕಟ್ಟಿಲ್ಲ, ದೊಡ್ಡದರಲ್ಲಿ ಮೂವರೂ ಒಂದೇ ಕೋಣೆಯಲ್ಲಿ ಇರಬಹುದು, ಅಲ್ಲಿ ಎಲ್ಲ ಅನುಕೂಲ ಇದೆ, ಇವರೂ ಅದಕ್ಕೆ ಒಪ್ಪಿದ್ದಾರೆ ಎಂದೆ. ಅತ್ತೆ ನನ್ನ ಮಾತು ತೀರುವವರೆಗೆ ಸಿಪ್ಪೆ ಊದುತ್ತಿದ್ದರು.

"ಅದೆಲ್ಲಾ ಇರ್ಲಿ. ನಿನಗ ಯಾವ್ದು ಬೇಕು?"

ಯಾವ ಸೀರೆ, ಯಾವ ಪಲ್ಯ, ಯಾವ ಬಣ್ಣದ ಗೋಡೆ ಎಂದು ಆ ಮನೆಯಲ್ಲಿ ಯಾರಾದರೂ ಕೇಳಿದರೆ, ಯಾವುದಾದರೂ ನಡೆಯುತ್ತದೆ ಎಂಬುದು ನನ್ನ ಸಿದ್ಧ ಉತ್ತರ. ಅದು ತುಟಿಯವರೆಗೆ ಬಂತು. ಅದನ್ನು ಹೇಳಿದ್ದರೆ ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತೇನೋ.

"ಸಣ್ಣದು," ಎಂದೆ.

"ಯಾಕ?"

"ಅದರಾಗ ನಾವಿಬ್ರ ಇರ್ತೀವ್ರಿ. ಅದಕ್ಕ."

ಅತ್ತೆ ನನ್ನನ್ನು ನೋಡಿದರು. ಸಿಟ್ಟಿತ್ತೋ ಇಲ್ಲವೋ, ಇಷ್ಟು ವರ್ಷ ಆ ಮುಖವನ್ನು ಓದಿದ ನನಗೆ ಆ ದಿನ ಓದಲಾಗಲಿಲ್ಲ. "ಹೂಂ" ಎಂದು ಎದ್ದು, ರೊಟ್ಟಿಗಳನ್ನು ಬಟ್ಟೆಯಲ್ಲಿ ಮಡಿಸಿ ಒಳಗಿಟ್ಟರು.

ಆ ಸಂಜೆ ಅವರು ಅರ್ಧ ರೊಟ್ಟಿಯಷ್ಟೇ ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಇವರಿಗೆ ನಡೆದದ್ದನ್ನು ಹೇಳಿದೆ. ಇವರು ಅವ್ವನ ಕೋಣೆಯ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡದೆ ತಿರುಗಿ ಬಂದರು. ಹೋಗಿ ತಪ್ಪಾಯಿತು, ದೊಡ್ಡದೇ ಇರಲಿ ಎಂದು ಹೇಳಿಬಿಡಲೇ ಎಂದು ಎರಡು ಸಲ ಎದ್ದೆ. ಹೇಳಲಿಲ್ಲ. ಅತ್ತೆ ಕೇಳಿದ್ದರು, ನಾನು ನಿಜ ಹೇಳಿದ್ದೆ. ಅದನ್ನು ವಾಪಸು ತೆಗೆದುಕೊಂಡರೆ ಅವರು ಕೇಳಿದ್ದಕ್ಕೇ ಅವಮಾನ.

ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಅತ್ತೆಯ ದನಿ ಕೇಳಿಸಿತು. ಒಂದು ಕಿವಿ ಮಂದವಾದ ಮೇಲೆ ಅವರು ಫೋನಿನಲ್ಲಿ ಬಹಳ ಗಟ್ಟಿಯಾಗಿ ಮಾತಾಡುತ್ತಾರೆ. ಆ ಕಡೆ ಶಂಕ್ರೆವ್ವ.

"ಇಲ್ಲ ಬೇ, ನಾನ ಒಲ್ಲೆ ಅಂದೆ. ಅದೇನ ಹಡಗ? ನಮ್ಮ ನಿಡೋಣಿ ಬಸ್ಸಿನ್ಯಾಗ ಹಿಡಿಯೂವಷ್ಟ ಮಂದಿ. ಎಂಟ ದಿನ ಅವರ ಮಾರಿನ ನೋಡ್ಕೋಂತ ಕುಂಡ್ರಬೇಕಂತ. ಅದಕ್ಕ ಒಂದ ಎಕರೆ ಪಡದ ರೊಕ್ಕ ಸುರೀಬೇಕಂತ." ಆ ಕಡೆಯಿಂದ ಏನೋ ಕೇಳಿದಳು. "ಅವರಿಬ್ರು ಹೋಗ್ತಾರ. ಹೋಗ್ಲಿ. ಅವಗ ಮೈಯಾಗ ಆರಾಮ ಇಲ್ದಾಗಿಂದ ಆಕಿ ಒಂದ ದಿನ ಚಂದಾಗಿ ನಕ್ಕಿಲ್ಲ. ನಾ ನಡುವ ಕುಂತ ಏನ್ ಮಾಡ್ಲಿ?" ಆಮೇಲೆ ದನಿ ಇನ್ನಷ್ಟು ಏರಿತು. "ದೊಡ್ಡದರಾಗ ಎರಡ ಸಾವಿರ ಮಂದಿ ಇರ್ತಾರಂತ. ಅದು ಹಡಗ ಅಂದ್ರ. ನೀ ಬರೂದಾದ್ರ ಹೇಳು, ಮುಂದಿನ ವರ್ಷ ನೋಡೂಣು. ಅಂಜಬ್ಯಾಡ, ಹಾಸಿಗಿ ಬಿಗಿದಿರ್ತಾರ."

ನಾನು ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದೆ. ನನ್ನ ಗಮನವೆಲ್ಲ ಇವರ ಉಸಿರಿನ ಮೇಲಿದ್ದಾಗ ಈ ಮನೆಯಲ್ಲಿ ಇನ್ನೊಬ್ಬರು ನನ್ನ ಮುಖ ನೋಡುತ್ತಿದ್ದರು.

ಒಳಗೆ ಹೋದಾಗ ಅತ್ತೆ ಟ್ರಂಕು ತೆಗೆದು ಕುಳಿತಿದ್ದರು. ಹಸಿರು ಸೀರೆ ಮೇಲೆಯೇ ಇತ್ತು. ನಾನು ಅದರ ಕಡೆ ನೋಡಿದ್ದು ಕಂಡಿತೇನೋ, ಹೋಗದಿದ್ದರೂ ಸೀರೆ ವಾಪಸು ಕೊಡುವುದಿಲ್ಲ ಎಂದು ತಾವೇ ಹೇಳಿದರು. ಶಂಕ್ರಿ ತಮಗೆ ಆಯೇರಿ ಮಾಡಿದ್ದಾಳೆ, ಹಡಗಿಗೆ ಮಾಡಿಲ್ಲವಲ್ಲ ಎಂದರು.

ಆಮೇಲೆ ರವಿವಾರ ಉಟ್ಟಿದ್ದ ಸೀರೆಯ ಸೆರಗಿನ ಗಂಟು ಬಿಚ್ಚಿ ನಾಣ್ಯಗಳನ್ನು ನನ್ನ ಅಂಗೈಗೆ ಒಂದೊಂದಾಗಿ ಹಾಕಿದರು. ಒಂದೊಂದಕ್ಕೂ ಹೆಸರು ಹೇಳಿದರು. ತಾಯವ್ವ, ರೇಣವ್ವ, ಮೂಲೆಮನೆಯ ಪೀರಾಂಬಿ. ನನ್ನಿಂದ ಮತ್ತೆ ಹೇಳಿಸಿದರು. ನಾನು ಒಂದು ಹೆಸರು ತಪ್ಪಿದಾಗ, ಕಾಲೇಜಿನಲ್ಲಿ ಇಷ್ಟೇ ಏನು ಕಲಿಸುವುದು ಎಂದು ಗದರಿದರು. ಎಲ್ಲ ಮುಗಿದ ಮೇಲೆ ಸೊಂಟದ ಸಂಚಿಯಿಂದ ತಮ್ಮದೊಂದು ನಾಣ್ಯ ತೆಗೆದರು.

"ನಾನ ಹಾಕ್ತೀನಿ ಅಂತ ಇದನ್ನ ಕೂಡಿಸಿರ್ಲಿಲ್ಲ," ಎಂದರು. "ಇದಕ್ಕ ನನ್ನ ಹೆಸರ ಹೇಳು. ಅತ್ತಿ ಅಂತ ಹೇಳಬ್ಯಾಡ, ಗಂಗವ್ವಗ ಯಾರ ಅತ್ತಿ ಅಂತ ಗೊತ್ತಾಗಬೇಕು? ಮುರಿಗೆವ್ವ ಅನ್ನು."

"ಹೂಂನ್ರಿ," ಎಂದೆ. ಅವರ ಕೈ ಬಿಡಲು ಮನಸ್ಸಾಗಲಿಲ್ಲ. ಅವರೇ ಬಿಡಿಸಿಕೊಂಡು, ಕಾಲೇಜಿಗೆ ಹೊತ್ತಾಗುತ್ತದೆ ನಡೆ ಎಂದರು.

ಅವರಿಗೆ ನೋವಾಗಿರಲಿಲ್ಲ ಎಂದು ನಾನು ಹೇಳಲಾರೆ. ಆ ದಿನದ ನಂತರ ಮಗ ಫೋನಿನಲ್ಲಿ ಮಾತಾಡುವಾಗ ಅತ್ತೆ ಪಡಸಾಲೆಯಿಂದ ಎದ್ದು ಹಿತ್ತಲಿಗೆ ಹೋಗುತ್ತಾರೆ. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಗಡುವಿನ ದಿನ ಸಂಜೆ ಇವರು ಹಣ ಕಟ್ಟಿ ಮನೆಗೆ ಬಂದರು. ಮುಂದಿನ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಬಿಟ್ಟರು, ಒಳಗೆ ಬರಲಿಲ್ಲ. ನಾನು ನೀರು ಕೊಟ್ಟೆ. ಇವರ ಮುಖದಲ್ಲಿ ಈಗ ನನ್ನ ಅನುಮಾನವೇ ಬಂದು ಕುಳಿತಂತಿತ್ತು.

"ಇಡೀ ರೊಕ್ಕ ಕಟ್ಟಿ ಬಂದೆ," ಎಂದರು. "ಬರೂಮುಂದ ದಾರ್ಯಾಗ ಅನಸ್ತು, ಅಷ್ಟ ರೊಕ್ಕದ ಬೆಲಿ ಐತೇನ ಅದಕ್ಕ? ನೀ ಎಲ್ಲಾ ವಿಚಾರಿಸೀದಿ. ನೀ ಹೇಳು."

ಎಲ್ಲ ವಿಚಾರಿಸಿದ್ದೆ, ನಿಜ. ಹೊಯ್ದಾಟ, ವೈದ್ಯರ ಕೋಣೆ, ಅರವತ್ತು ಜನ, ಮೂರು ಪಟ್ಟು ದರ. ಅವನ್ನೆಲ್ಲ ಇಟ್ಟುಕೊಂಡು ತೂಗಿದರೂ ಮುಳ್ಳು ಯಾವ ಕಡೆ ವಾಲುತ್ತದೋ ನನಗೆ ತಿಳಿದಿರಲಿಲ್ಲ. ಅಲ್ಲಿ ಹೋಗಿಯೂ ನಾನು ಇವರ ಉಸಿರನ್ನೇ ನೋಡುತ್ತ ಕುಳಿತರೆ ಅದು ದಂಡ. ಅದು ಹಡಗಿನವರ ಕೈಯಲ್ಲಿ ಇರಲಿಲ್ಲ.

"ಗೊತ್ತಿಲ್ರಿ," ಎಂದೆ. "ಹೋಗಿ ಬಂದ ಮ್ಯಾಲೆ ಹೇಳ್ತೀನಿ."

ಲೋಟ ಇಸಿದುಕೊಂಡು ಒಳಗೆ ಹೋಗುವ ಹೊತ್ತು ಅದು. ದೀಪ ಹಚ್ಚಬೇಕು, ಮಾತ್ರೆ ತೆಗೆದಿಡಬೇಕು, ಹಿಟ್ಟು ನಾದಬೇಕು. ನಾನು ಲೋಟವನ್ನು ಪಕ್ಕಕ್ಕಿಟ್ಟು ಇವರ ಹತ್ತಿರ ಮೆಟ್ಟಿಲ ಮೇಲೆ ಕುಳಿತೆ. ಇವರು ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಸರಿದು ಜಾಗ ಮಾಡಿಕೊಟ್ಟರು. ಅಥಣಿ ರಸ್ತೆಯಲ್ಲಿ ತಿಕೋಟಾದ ಕಡೆ ಹೊರಟ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಎದುರಿನ ಖಾಲಿ ಪ್ಲಾಟಿನ ಮೇಲೆ ಬಿಸಿಲು ಕೆಂಪಾಗಿ ಇಳಿಯುತ್ತಿತ್ತು. ನಾನು ಇವರ ಮುಖ ನೋಡಲಿಲ್ಲ. ಇವರು ಎತ್ತ ನೋಡುತ್ತಿದ್ದರೋ ಅತ್ತ ನೋಡಿದೆ.

ಕತ್ತಲಾಗುತ್ತ ಬಂತು. ಒಳಗೆ ಅತ್ತೆಯ ಹೆಜ್ಜೆಯ ಸಪ್ಪಳ ಬಾಗಿಲ ಹತ್ತಿರ ಬಂದು ನಿಂತಿತು. ಈ ಹೊತ್ತಿಗೆ ಅವರು ನನ್ನನ್ನು ಕರೆಯುತ್ತಾರೆ. ನಾನು ಏಳಲು ಕೈಯೂರಿದೆ. ಹೆಜ್ಜೆ ಮೆಲ್ಲಗೆ ಹಿಂದೆ ಸರಿದು ದೇವರ ಕೋಣೆಯ ಕಡೆ ಹೋಯಿತು. ಕಡ್ಡಿ ಗೀರಿದ ಸದ್ದು ಕೇಳಿಸಿತು. ದೀಪವನ್ನು ಅತ್ತೆ ತಾವೇ ಹಚ್ಚಿದರು.